ಸೇರಿನಿಂದ ಸ್ಕ್ರೀನ್‌ಶಾಟ್‌ವರೆಗೆ

ಹಿಂದಿನ ದೀಪಾವಳಿಗೆ ಪುಣೆಯಲ್ಲಿ ಕೂತು ಧಾರವಾಡದಲ್ಲಿರುವ ಅವ್ವನಿಗೆ ಒಂದು ಮಿಕ್ಸರ್ ಕಳಿಸಿದೆ. ಆ್ಯಪಿನಲ್ಲಿ 6,999 ಎಂಬ ಅಂಕಿಯ ಮೇಲೆ ಗೆರೆ ಎಳೆದು, ಕೆಳಗೆ ದಪ್ಪಕ್ಷರದಲ್ಲಿ 3,199 ಎಂದು ಬರೆದಿತ್ತು. ಹತ್ತು ನಿಮಿಷದಲ್ಲಿ ಅವಕಾಶ ಮುಗಿಯುತ್ತದೆ ಎಂದು ಗಡಿಯಾರವೊಂದು ಓಡುತ್ತಿತ್ತು. ಒತ್ತಿದೆ. ಮೂರನೇ ದಿನಕ್ಕೆ ಪೆಟ್ಟಿಗೆ ಮನೆ ಮುಟ್ಟಿತು.

ಅವ್ವ ಅದನ್ನು ತೆರೆಯಲಿಲ್ಲ. ಹೊಸ ಸಾಮಾನನ್ನು ಪಾಡ್ಯದ ದಿನ ಪೂಜೆ ಮಾಡಿಯೇ ಬಳಸುವುದು ನಮ್ಮ ಮನೆಯ ಪದ್ಧತಿ. ಹನ್ನೆರಡು ದಿನ ಪೆಟ್ಟಿಗೆ ದೇವರ ಕೋಣೆಯ ಮೂಲೆಯಲ್ಲಿ ಕೂತಿತ್ತು. ಪಾಡ್ಯದ ದಿನ ಅರಿಷಿಣ ಕುಂಕುಮ ಹಚ್ಚಿ ತೆರೆದರೆ ದೊಡ್ಡ ಜಾರು ಬುಡದಿಂದ ಬಾಯಿಯವರೆಗೆ ಸೀಳಿತ್ತು. ನಾನು ಆ್ಯಪ್ ತೆರೆದೆ. ‘ವಾಪಸಾತಿಯ ಅವಧಿ ಮುಗಿದಿದೆ’ ಎಂದಿತು. ಮಾತಾಡಿಸಲು ಹೋದರೆ ಯಂತ್ರವೊಂದು ನನ್ನ ಹೆಸರು ಹಿಡಿದು ಕ್ಷಮೆ ಕೇಳಿ, ಅದೇ ಉತ್ತರವನ್ನು ನಾಲ್ಕು ಸಲ ಕೊಟ್ಟಿತು. ಅವ್ವ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಅಂಗಡಿಯಾಂವ ಯಾರಂತರ ಗೊತ್ತೈತೇನಪಾ ನಿನಗ?”

ಗೊತ್ತಿರಲಿಲ್ಲ. ದುಡ್ಡು ಕೊಟ್ಟವನು ನಾನು, ಆದರೆ ಪಡೆದವನು ಯಾರು ಎಂದು ನೋಡಿರಲೇ ಇಲ್ಲ. ಅವ್ವನ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನಮ್ಮ ದೇಶದಲ್ಲಿ ಕೊಳ್ಳುವವರ ಹಕ್ಕಿನ ಕಥೆ ಒಂದೊಂದಾಗಿ ತೆರೆದುಕೊಂಡಿತು. ಎಷ್ಟು ತೂಕ, ಎಷ್ಟು ಬೆಲೆ, ಮಾರಿದವರು ಯಾರು ಎಂಬ ಮೂರು ಸಾದಾ ಸಂಗತಿಗಳನ್ನು ಗಿರಾಕಿಯ ಕಣ್ಣಿಗೆ ಕಾಣುವ ಹಾಗೆ ಬರೆಸಲು ನೂರಾರು ವರ್ಷ ಹಿಡಿಯಿತು ಎಂಬುದೇ ಆ ಕಥೆಯ ಸಾರ.

ಒಂದೇ ಮಣ, ಮೂರು ತೂಕ

ನನ್ನ ಬಾಲ್ಯದ ಕಿರಾಣಿ ಅಂಗಡಿಯಲ್ಲಿ ಬೆಲೆಗಿಂತ ಮುಖ್ಯವಾದದ್ದು ಕೊಸರು. ತೂಕ ಮುಗಿದ ಮೇಲೆ ಅಂಗಡಿಯವರು ಒಂದು ಹಿಡಿ ಶೇಂಗಾ ಮೇಲೆ ಹಾಕಬೇಕು, ಹುಡುಗ ಬಂದರೆ ಕೈಗೊಂದು ಬೆಲ್ಲದ ಚೂರು ಕೊಡಬೇಕು. ಕೊಸರು ಹಾಕದ ಅಂಗಡಿಗೆ ಅವ್ವ ಎರಡನೇ ಸಲ ಹೋಗುತ್ತಿರಲಿಲ್ಲ. ಧಾನ್ಯ ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದರು. ಲಾಭ, ಎರಡು, ಮೂರು ಎಂದು ಎಣಿಕೆ ಸಾಗುತ್ತಿತ್ತು. ಆ ಲಾಭ ಯಾರದು ಎಂದು ಯಾರೂ ಕೇಳುತ್ತಿರಲಿಲ್ಲ.

ಈ ನೆನಪು ಸಿಹಿಯಾಗಿದೆ. ಆದರೆ ಕೊಸರು ಯಾಕೆ ಬೇಕಾಗಿತ್ತು ಎಂದು ಯೋಚಿಸಿದರೆ ಸಿಹಿ ಸ್ವಲ್ಪ ಇಳಿಯುತ್ತದೆ. ತಕ್ಕಡಿಯ ಮೇಲೆ ಪೂರ್ತಿ ನಂಬಿಕೆ ಇಲ್ಲದ ಕಡೆ ಮೇಲಿನ ಒಂದು ಹಿಡಿ ನಂಬಿಕೆಯ ಕೊರತೆಯನ್ನು ತುಂಬುತ್ತಿತ್ತು. ಪರಿಚಯದ ಗಿರಾಕಿಗೆ ಕೊಸರು ಸಿಗುತ್ತಿತ್ತು. ಊರಿಗೆ ಹೊಸಬರಿಗೆ, ಬಡವರಿಗೆ, ಉದ್ರಿಯಲ್ಲಿ ಸಿಕ್ಕಿಬಿದ್ದವರಿಗೆ ಅಂಗಡಿಯವರ ಮನಸ್ಸೇ ತೂಕ.

ತೂಕದ ಮೇಲೆ ರಾಜ್ಯ ಕಣ್ಣಿಡಬೇಕು ಎಂಬ ವಿಚಾರ ಬಹಳ ಹಳೆಯದು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕ ತಾಳೆಗರಿಯ ಕಟ್ಟಿನಲ್ಲಿ, ಅಂದರೆ ಅವರು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ತೂಕ ಅಳತೆಗಳನ್ನು ನೋಡಿಕೊಳ್ಳಲು ‘ಪೌತವಾಧ್ಯಕ್ಷ’ ಎಂಬ ಅಧಿಕಾರಿ ಇದ್ದಾನೆ. ದ್ರೋಣದ ಅಳತೆಯಲ್ಲಿ ಅರ್ಧ ಪಲದಷ್ಟು ವ್ಯತ್ಯಾಸವಾದರೆ ತಪ್ಪಲ್ಲ, ಒಂದು ಪಲವಾದರೆ 12 ಪಣ ದಂಡ. ಸ್ವದೇಶದ ಸರಕಿಗೆ ನೂರಕ್ಕೆ ಐದು, ಹೊರಗಿನಿಂದ ಬಂದದ್ದಕ್ಕೆ ನೂರಕ್ಕೆ ಹತ್ತು, ಇಷ್ಟೇ ಲಾಭ. ವ್ಯಾಪಾರಿಗಳಿಂದ ಜನರನ್ನು ಕಾಪಾಡುವ ಮಾತು ಬರುವುದು ‘ಕಂಟಕಶೋಧನ’ ಎಂಬ ಅಧಿಕರಣದಲ್ಲಿ. ಮುಳ್ಳು ತೆಗೆಯುವುದು ಎಂದು ಅದರ ಅರ್ಥ.

ಗ್ರಂಥದಲ್ಲಿ ಇದ್ದದ್ದು ಪೇಟೆಯಲ್ಲಿ ಇರಲಿಲ್ಲ. ಬ್ರಿಟಿಷರ ಕಾಲಕ್ಕೆ ಬಂದರೆ ‘ಮಣ’ ಎಂಬ ಒಂದೇ ಹೆಸರಿಗೆ ಊರೂರಿಗೆ ಬೇರೆ ತೂಕ. ಬಂಗಾಳದ ಮಣ ಇಂದಿನ ಲೆಕ್ಕದಲ್ಲಿ 37 ಕಿಲೋ ದಾಟುತ್ತಿತ್ತು. ಮುಂಬೈ ಮಣ ಸುಮಾರು 12.7 ಕಿಲೋ, ಮದ್ರಾಸಿನದು ಸುಮಾರು 11.3 ಕಿಲೋ. ಸೇರು, ಪಾವು, ಬಳ್ಳ, ಕೊಳಗ, ಖಂಡುಗಗಳ ಕಥೆಯೂ ಹೀಗೆಯೇ. ಕನ್ನಡಿಗರಿಗಂತೂ ಈ ಗೊಂದಲ ಮನೆಯೊಳಗಿನದು. ಧಾರವಾಡ ಮುಂಬೈ ಪ್ರಾಂತ್ಯದಲ್ಲಿ, ಬಳ್ಳಾರಿ ಮಂಗಳೂರು ಮದ್ರಾಸಿನಲ್ಲಿ, ಕಲಬುರಗಿ ನಿಜಾಮರ ರಾಜ್ಯದಲ್ಲಿ, ಮೈಸೂರು ತನ್ನದೇ ಅರಸರ ಕೆಳಗೆ. ಗಡಿ ದಾಟಿ ಸಂತೆಗೆ ಹೋದವರು ಭಾಷೆ ಒಂದೇ ಆದರೂ ಅಳತೆಯನ್ನು ಅನುವಾದ ಮಾಡಿಕೊಳ್ಳಬೇಕಿತ್ತು.

ಇದು ಕೊನೆಗೊಂಡದ್ದು ಸ್ವಾತಂತ್ರ್ಯದ ನಂತರ. 1956ರಲ್ಲಿ ತೂಕ ಅಳತೆಗಳ ಕಾಯ್ದೆ ಬಂತು. 1957ರ ಏಪ್ರಿಲ್ 1ರಂದು ರೂಪಾಯಿಗೆ ಹದಿನಾರಾಣೆಯ ಬದಲು ನೂರು ನಯಾಪೈಸೆ. 1958ರ ಅಕ್ಟೋಬರಿನಿಂದ ಕಿಲೋಗ್ರಾಂ ಮೆಲ್ಲಮೆಲ್ಲಗೆ ಅಂಗಡಿಗಳಿಗೆ ಕಾಲಿಟ್ಟಿತು. ಹೊಸ ಲೆಕ್ಕಕ್ಕೆ ಜನ ಗೊಣಗಿದರು. ಆದರೆ ಧಾರವಾಡದಲ್ಲೂ ದಿಲ್ಲಿಯಲ್ಲೂ ಒಂದು ಕಿಲೋ ಅಂದರೆ ಒಂದೇ ಕಿಲೋ ಎಂಬ ಭರವಸೆ ಮೊದಲ ಸಲ ಸಿಕ್ಕಿತು. ಊರು ಬಿಟ್ಟು ಊರು ಸೇರಿದ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ಲಟ್ಟಣಿಗೆ ಹಿಡಿದವರು

ತೂಕ ಸರಿಯಾದರೆ ಸಾಲದು. ಬೆಲೆ? ಕಲಬೆರಕೆ? ಇದಕ್ಕೆ ಮೊದಲು ದಾರಿ ಹುಡುಕಿದವರು ಕೊಳ್ಳುವವರೇ. ‘ಮೋಸವಾಗುತ್ತದೆ ಎಂದಾದರೆ ನಾವೇ ಅಂಗಡಿ ಇಡೋಣ’ ಎಂದು 1904ರಲ್ಲಿ ಮದ್ರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಒಂದು ಗುಂಪು ಟ್ರಿಪ್ಲಿಕೇನ್ ಅರ್ಬನ್ ಕೋಆಪರೇಟಿವ್ ಸೊಸೈಟಿ ಕಟ್ಟಿತು. ಗ್ರಾಹಕ ಸಹಕಾರಿ ಚಳವಳಿಯ ಮೊದಲ ಹೆಜ್ಜೆ ಅದು. 1948ರಲ್ಲಿ ಮುಂಬೈಯ ನಾಯಗಾಂವದ ಗಿರಣಿ ಕಾರ್ಮಿಕರ ಕೇರಿಯಲ್ಲಿ ‘ಅಪನಾ ಬಜಾರ್’ ಹುಟ್ಟಿತು. 1966ರಲ್ಲಿ ರೂಪಾಯಿಯ ಅಪಮೌಲ್ಯವಾಗಿ ಬೆಲೆಗಳು ಏರಿದಾಗ ದಿಲ್ಲಿಯಲ್ಲಿ ‘ಸೂಪರ್ ಬಜಾರ್’ ಬಾಗಿಲು ತೆರೆಯಿತು. ನಿಮ್ಮ ಊರಿನಲ್ಲಿ ಹಿರಿಯರಿದ್ದರೆ ಕೇಳಿ ನೋಡಿ. ತಿಂಗಳ ಮೊದಲ ವಾರ ಇಂಥ ಅಂಗಡಿಯ ಮುಂದೆ ಸಾಲು ನಿಂತ ನೆನಪು ಅವರಿಗೆ ಇದ್ದೇ ಇರುತ್ತದೆ.

ಅದೇ 1966ರಲ್ಲಿ ಮುಂಬೈಯಲ್ಲಿ ಒಂಬತ್ತು ಮಂದಿ ಹೆಣ್ಣುಮಕ್ಕಳು ಸೇರಿ ಕನ್ಸ್ಯೂಮರ್ ಗೈಡನ್ಸ್ ಸೊಸೈಟಿ ಆಫ್ ಇಂಡಿಯಾ ಕಟ್ಟಿದರು. ಅವರು ಅಂಗಡಿ ಇಡಲಿಲ್ಲ. ಅಂಗಡಿಯ ಸರಕನ್ನು ಪರೀಕ್ಷೆಗೆ ಕೊಟ್ಟು, ಬಂದ ಫಲಿತಾಂಶವನ್ನು ಜನರಿಗೆ ಹೇಳಿದರು. ಅವರ ಪತ್ರಿಕೆಯ ಹೆಸರು ‘ಕೀಮತ್’. 1972ರಲ್ಲಿ ಬರ ಬಿದ್ದು ಎಣ್ಣೆ, ಸಕ್ಕರೆ, ಸೀಮೆಎಣ್ಣೆ ಸಿಗದಂತಾದಾಗ ಮೃಣಾಲ್ ಗೋರೆ, ಅಹಿಲ್ಯಾ ರಾಂಗಣೇಕರ್ ಮುಂತಾದವರ ಮುಂದಾಳುತನದಲ್ಲಿ ಮುಂಬೈಯ ಗೃಹಿಣಿಯರು ಬೀದಿಗಿಳಿದರು. ಅವರ ಕೈಯಲ್ಲಿದ್ದದ್ದು ತಟ್ಟೆ ಮತ್ತು ಲಟ್ಟಣಿಗೆ. ಗ್ರಾಹಕ ಎಂದರೆ ಸಂಸಾರ ತೂಗಿಸುವ ಹೆಂಗಸು ಎಂಬ ಸತ್ಯ ಆ ಸದ್ದಿನಲ್ಲಿ ಕೇಳಿಸಿತು.

1975ರಲ್ಲಿ ಶುರುವಾದ ಮುಂಬೈ ಗ್ರಾಹಕ ಪಂಚಾಯತ್ ಈ ಎರಡು ದಾರಿಗಳನ್ನು ಕೂಡಿಸಿತು. ನೆರೆಹೊರೆಯ ಕುಟುಂಬಗಳು ಗುಂಪು ಮಾಡಿಕೊಂಡು ತಿಂಗಳ ಸಾಮಾನಿನ ಪಟ್ಟಿ ಕೊಡುತ್ತವೆ. ಸಂಘ ಸಗಟಿನಲ್ಲಿ ಕೊಂಡು ತಂದು ಹಾಕುತ್ತದೆ. ಸದಸ್ಯರು ಸರದಿಯ ಮೇಲೆ ಹಂಚಿಕೊಳ್ಳುತ್ತಾರೆ. ಆ್ಯಪ್ ಇಲ್ಲದ ಕಾಲದಲ್ಲೇ ಇವರು ಮನೆಬಾಗಿಲಿಗೆ ಸಾಮಾನು ತರಿಸುತ್ತಿದ್ದರು. ಕಳಿಸುವವರು ಯಾರೆಂದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಪೊಟ್ಟಣದ ಮೇಲಿನ ಅಂಕಿ

ಇಷ್ಟರಲ್ಲಿ ಸರಕಿನ ರೂಪವೇ ಬದಲಾಗುತ್ತಿತ್ತು. ಬೇಳೆ, ಚಹಾಪುಡಿ, ಸೋಪು ಎಲ್ಲವೂ ಮುಚ್ಚಿದ ಪೊಟ್ಟಣದಲ್ಲಿ ಬರತೊಡಗಿದವು. ಮುಟ್ಟಿ, ಮೂಸಿ, ಹಲ್ಲಿಗೆ ಹಾಕಿ ನೋಡುವ ಹಾಗಿಲ್ಲ. ಗಿರಾಕಿಯ ಕಣ್ಣು ಮೂಗುಗಳ ಕೆಲಸವನ್ನು ಈಗ ಪೊಟ್ಟಣದ ಮೇಲಿನ ಅಕ್ಷರ ಮಾಡಬೇಕಾಯಿತು. 1975ರ ಆದೇಶ, ಆಮೇಲೆ 1977ರ ಪೊಟ್ಟಣ ಸರಕುಗಳ ನಿಯಮಗಳು ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು, ಬೆಲೆ ಬರೆಯಬೇಕು ಎಂದವು.

ಬೆಲೆ ಬರೆದರೂ ಒಂದು ಸಂದಿ ಉಳಿದಿತ್ತು. ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂದು ಬರೆಯಲು ಅವಕಾಶವಿತ್ತು. ಆ ತೆರಿಗೆ ಎಷ್ಟೆಂದು ಗಿರಾಕಿಗೆ ಗೊತ್ತಿಲ್ಲ, ಅಂಗಡಿಯವರು ಹೇಳಿದ್ದೇ ಲೆಕ್ಕ. 1990ರಲ್ಲಿ ಆ ಸಂದಿ ಮುಚ್ಚಿತು. ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಚಿಲ್ಲರೆ ಬೆಲೆ, ಅಂದರೆ ನಾವೆಲ್ಲ ಎಂ.ಆರ್.ಪಿ. ಎನ್ನುವ ಅಂಕಿ, ಕಡ್ಡಾಯವಾಯಿತು. ಚಿಲ್ಲರೆ ಅಂಗಡಿಯಲ್ಲಿ ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಿದರೂ ತಪ್ಪು. ಓದಲು ಬಾರದವರೂ ಅಂಕಿ ಗುರುತಿಸಬಲ್ಲರು. ತಮಿಳು ಬಾರದ ಕನ್ನಡಿಗ ಚೆನ್ನೈಯಲ್ಲಿ, ಮರಾಠಿ ಬಾರದವ ಪುಣೆಯಲ್ಲಿ ಪೊಟ್ಟಣ ತಿರುಗಿಸಿ ಬೆರಳು ತೋರಿಸಿದರೆ ಸಾಕು, ವಾದ ಮುಗಿಯುತ್ತಿತ್ತು.

ಆದರೆ ಈ ಅಂಕಿಯ ಒಳಗೇ ಒಂದು ಟೊಳ್ಳು ಇತ್ತು. ಬಹುಪಾಲು ಸರಕುಗಳಿಗೆ ಎಂ.ಆರ್.ಪಿ. ನಿಗದಿ ಮಾಡುವುದು ಸರ್ಕಾರವಲ್ಲ, ತಯಾರಕರೇ. ಎಷ್ಟಾದರೂ ಬರೆದುಕೊಳ್ಳಬಹುದು. ಮೀರಬಾರದು ಎಂದು ಎಳೆದ ಗೆರೆಯನ್ನು ಎತ್ತರದಲ್ಲಿ ಎಳೆದು, ಅದರ ಕೆಳಗೆ ‘ಅರ್ಧಕ್ಕರ್ಧ ರಿಯಾಯಿತಿ’ ಎಂದು ಕೂಗಬಹುದು. ನನ್ನ ಮಿಕ್ಸರಿನ 6,999 ಅಂಥದೇ ಅಂಕಿ. ಆ ಬೆಲೆಗೆ ಅದನ್ನು ಯಾರಾದರೂ ಕೊಂಡಿದ್ದಾರೆ ಎಂದು ನನಗೆ ನಂಬಿಕೆಯಿಲ್ಲ. ಕಾವಲಿಗೆ ಇಟ್ಟ ಅಂಕಿ ಜಾಹೀರಾತಿನ ಕೂಲಿಗೆ ಹೋಗಿತ್ತು. ಎಲ್ಲ ಕಡೆಯೂ ಈ ಗೆರೆ ನಿಲ್ಲುವುದೂ ಇಲ್ಲ. ಹೋಟೆಲುಗಳು ನೀರಿನ ಬಾಟಲಿಗೆ ಎಂ.ಆರ್.ಪಿ.ಗಿಂತ ಹೆಚ್ಚು ತೆಗೆದುಕೊಳ್ಳಬಹುದು ಎಂದು 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ಮಾರುವುದು ಬರಿಯ ನೀರಲ್ಲ, ಕೂರುವ ಜಾಗ ಮತ್ತು ಉಪಚಾರವೂ ಸೇರಿದೆ ಎಂಬುದು ಅದರ ಹಿಂದಿನ ತರ್ಕ.

ಇಪ್ಪತ್ತು ರೂಪಾಯಿಗೆ ಇಪ್ಪತ್ತೆರಡು ವರ್ಷ

ಅಂಕಿ ಬರೆದಿದ್ದರೂ ಮೋಸವಾದರೆ ಹೋಗುವುದು ಎಲ್ಲಿಗೆ? 1930ರ ಸರಕು ಮಾರಾಟ ಕಾಯ್ದೆಯ ಬುಡದಲ್ಲಿದ್ದ ತತ್ತ್ವ, ಕೆಲವು ವಿನಾಯಿತಿ ಬಿಟ್ಟರೆ, ‘ಕೊಳ್ಳುವವನೇ ನೋಡಿಕೊಳ್ಳಲಿ’ ಎಂಬುದು. ಕೆಟ್ಟ ಇಸ್ತ್ರಿಪೆಟ್ಟಿಗೆಗಾಗಿ ವಕೀಲರನ್ನಿಟ್ಟು ಸಿವಿಲ್ ಕೋರ್ಟಿಗೆ ಯಾರು ಹೋಗುತ್ತಾರೆ?

1986ರ ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಒಪ್ಪಿಗೆ ಪಡೆದ ಗ್ರಾಹಕ ಸಂರಕ್ಷಣಾ ಕಾಯ್ದೆ ಈ ಬಾಗಿಲು ತೆರೆಯಿತು. ಜಿಲ್ಲೆ, ರಾಜ್ಯ, ರಾಷ್ಟ್ರ ಎಂದು ಮೂರು ಮೆಟ್ಟಿಲು, ವಕೀಲರು ಕಡ್ಡಾಯವಲ್ಲ, ಬಿಳಿ ಹಾಳೆಯ ಮೇಲೆ ದೂರು ಬರೆದು ಕೊಟ್ಟರೂ ಆದೀತು. ಹಿಂದಿನ ವರ್ಷವಷ್ಟೇ ವಿಶ್ವಸಂಸ್ಥೆ ಗ್ರಾಹಕ ರಕ್ಷಣೆಯ ಮಾರ್ಗಸೂಚಿ ಒಪ್ಪಿಕೊಂಡಿತ್ತು. ಅಮೆರಿಕದ ಅಧ್ಯಕ್ಷ ಕೆನಡಿ 1962ರಲ್ಲಿ ಹೇಳಿದ್ದ ಸುರಕ್ಷತೆ, ಮಾಹಿತಿ, ಆಯ್ಕೆ, ಅಹವಾಲು ಎಂಬ ನಾಲ್ಕು ಹಕ್ಕುಗಳ ಜೊತೆಗೆ ಪರಿಹಾರ ಮತ್ತು ಗ್ರಾಹಕ ಶಿಕ್ಷಣದ ಹಕ್ಕುಗಳೂ ನಮ್ಮ ಕಾಯ್ದೆಯಲ್ಲಿ ಸೇರಿದವು.

ಕಾಯ್ದೆಗೆ ಹಲ್ಲು ಮೂಡಿಸಿದ್ದು ನ್ಯಾಯಾಲಯಗಳು. ಮನೆ, ನಿವೇಶನ ಕೊಡುವ ಸರ್ಕಾರಿ ಪ್ರಾಧಿಕಾರವೂ ಗ್ರಾಹಕರಿಗೆ ಉತ್ತರ ಹೇಳಬೇಕು ಎಂದು 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದುಡ್ಡು ಪಡೆದು ಮಾಡುವ ವೈದ್ಯಕೀಯ ಸೇವೆಯೂ ಇದರೊಳಗೆ ಬರುತ್ತದೆ ಎಂದು 1995ರಲ್ಲಿ ತೀರ್ಪಾಯಿತು.

ಆದರೆ ಬಾಗಿಲು ತೆರೆದಿರುವುದು ಬೇರೆ, ಒಳಗೆ ಹೋಗಿ ಹೊರಬರುವುದು ಬೇರೆ. 1999ರ ಡಿಸೆಂಬರಿನಲ್ಲಿ ಮಥುರೆಯ ವಕೀಲರೊಬ್ಬರು ಮುರಾದಾಬಾದಿಗೆ ಎರಡು ಟಿಕೆಟ್ ತೆಗೆದರು. ಒಂದಕ್ಕೆ 35 ರೂಪಾಯಿ. 70 ಆಗಬೇಕಿತ್ತು, ಕೌಂಟರಿನಲ್ಲಿ 90 ತೆಗೆದುಕೊಂಡರು. ಅವರು ಗ್ರಾಹಕ ನ್ಯಾಯಾಲಯಕ್ಕೆ ಹೋದರು. ನೂರಕ್ಕೂ ಹೆಚ್ಚು ಸಲ ವಿಚಾರಣೆ ನಡೆಯಿತು. 2022ರಲ್ಲಿ ಗೆದ್ದರು. 20 ರೂಪಾಯಿಗೆ ವರ್ಷಕ್ಕೆ ಶೇ. 12ರಂತೆ ಬಡ್ಡಿ, ಜೊತೆಗೆ ರೈಲ್ವೆಗೆ 15,000 ರೂಪಾಯಿ ದಂಡ. ಸುದ್ದಿ ಓದಿದವರು ನಕ್ಕರು. ನನಗೆ ನಗಲು ಆಗಲಿಲ್ಲ. ಮೂರು ತಿಂಗಳಲ್ಲಿ ಮುಗಿಸಬೇಕಾದ ದೂರಿಗೆ ಇಪ್ಪತ್ತೆರಡು ವರ್ಷ ಹಿಡಿಯಿತು ಎಂಬುದು ವ್ಯವಸ್ಥೆಯ ಸೋಲು. ಕಾಯಲು ಆಗದ ಎಷ್ಟು ಜನ ಇಪ್ಪತ್ತು ರೂಪಾಯಿ ಬಿಟ್ಟು ನಡೆದಿರಬೇಕು! ಅವರು ಬಿಟ್ಟು ನಡೆಯುತ್ತಾರೆ ಎಂಬ ಲೆಕ್ಕದ ಮೇಲೆಯೇ ಸಣ್ಣ ಮೋಸಗಳು ನಿಂತಿವೆ.

ಮುಖವಿಲ್ಲದ ಅಂಗಡಿ

2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಶುರುವಾದಾಗ ಮಾರುತ್ತಿದ್ದದ್ದು ಪುಸ್ತಕ. ಮೊದಲ ಪುಸ್ತಕ ಹೋದದ್ದು ಈಗಿನ ತೆಲಂಗಾಣದ ಮೆಹಬೂಬ್‌ನಗರಕ್ಕೆ. ಆಗ ಕಾರ್ಡಿನ ಸಂಖ್ಯೆ ಕೊಡಲು ಜನ ಹೆದರುತ್ತಿದ್ದರು. 2010ರಲ್ಲಿ ಅದು ‘ಸರಕು ಕೈಗೆ ಬಂದ ಮೇಲೆ ದುಡ್ಡು’ ಎಂಬ ಪದ್ಧತಿ ತಂದಿತು. ಭಾರತದಲ್ಲಿ ಆನ್‌ಲೈನ್ ವ್ಯಾಪಾರ ಹಬ್ಬಲು ಈ ಪದ್ಧತಿ ಕೊಟ್ಟ ಬಲ ದೊಡ್ಡದು. ಅದು ಹೊಸ ಉಪಾಯವೇನಲ್ಲ. ಬಾಗಿಲಿಗೆ ಬಂದ ತರಕಾರಿಯವಳಿಂದ ಬುಟ್ಟಿ ಇಳಿಸಿ ನೋಡಿ ದುಡ್ಡು ಕೊಡುವ ನಮ್ಮ ಹಳೆಯ ರೂಢಿಗೆ ಹೊಸ ಪೇಟೆ ತಲೆಬಾಗಿತ್ತು.

ಆಮೇಲೆ ನಾವು ತಲೆಬಾಗಿದೆವು. ಬೆಲೆ ಪೊಟ್ಟಣದಿಂದ ಪರದೆಗೆ ಬಂತು. ಪೊಟ್ಟಣದ ಮೇಲಿನದು ಅಚ್ಚು, ಅಳಿಸಲು ಬಾರದು. ಪರದೆಯ ಮೇಲಿನದು ಬೆಳಿಗ್ಗೆ ಒಂದು, ಸಂಜೆ ಒಂದು. ಸೌಕರ್ಯ ಶುಲ್ಕ, ನಿರ್ವಹಣಾ ಶುಲ್ಕ ಎಂದು ಕೊನೆಯ ಪುಟದಲ್ಲಿ ಹನಿಹನಿಯಾಗಿ ಸೇರುತ್ತದೆ. ಕೇಳದ ವಿಮೆಯೊಂದು ಬುಟ್ಟಿಯಲ್ಲಿ ಬಂದು ಕೂತಿರುತ್ತದೆ. 1990ರಲ್ಲಿ ಮುಚ್ಚಿದ ‘ತೆರಿಗೆ ಪ್ರತ್ಯೇಕ’ದ ಸಂದಿ ಬೇರೆ ಹೆಸರಿನಲ್ಲಿ ಮತ್ತೆ ಬಾಯಿ ತೆರೆದಿದೆ.

ಕಾನೂನು ತಡವಾಗಿಯಾದರೂ ಹಿಂದೆಯೇ ಓಡಿ ಬಂತು. 2019ರ ಹೊಸ ಗ್ರಾಹಕ ಕಾಯ್ದೆ 2020ರ ಜುಲೈ 20ರಂದು ಜಾರಿಗೆ ಬಂತು. ಅದೇ ವಾರ ಇ-ಕಾಮರ್ಸ್ ನಿಯಮಗಳೂ ಬಂದವು. ಮಾರುವವರ ಹೆಸರು ವಿಳಾಸ ತೋರಿಸಬೇಕು. ದೂರು ಅಧಿಕಾರಿ ಇರಬೇಕು, ಅವರು 48 ಗಂಟೆಯೊಳಗೆ ದೂರು ತಲುಪಿದೆ ಎನ್ನಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ದೋಷವಿರುವ ಸರಕನ್ನು ಹಿಂಪಡೆಯಲು ನಿರಾಕರಿಸುವಂತಿಲ್ಲ. 2023ರ ನವೆಂಬರಿನಲ್ಲಿ ಓಡುವ ಗಡಿಯಾರದ ಸುಳ್ಳು ಅವಸರ, ಬುಟ್ಟಿಗೆ ಕದ್ದು ಸೇರಿಸುವುದು, ಹನಿಹನಿ ಬೆಲೆ ಮುಂತಾಗಿ ಹದಿಮೂರು ಬಗೆಯ ಪರದೆಯ ಮೋಸಗಳನ್ನು ಹೆಸರಿಸಿ ನಿಷೇಧಿಸಿದರು.

ಹೊಸ ಕಾಯ್ದೆಯ ಒಂದು ಬದಲಾವಣೆ ನಮ್ಮಂಥ ಹೊರನಾಡಿನವರಿಗೆ ಬಹಳ ಮುಖ್ಯ. ಮೊದಲು ಎದುರು ಪಕ್ಷ ಇರುವಲ್ಲಿ ಅಥವಾ ವ್ಯವಹಾರ ನಡೆದಲ್ಲಿ ದೂರು ಕೊಡಬೇಕಿತ್ತು. ಈಗ ನೀವು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲೇ ಕೊಡಬಹುದು. ಮಾರಿದವರು ಗುರುಗ್ರಾಮದಲ್ಲಿದ್ದರೂ ನಾನು ಪುಣೆಯಲ್ಲಿ ನಿಂತು ಕೇಳಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು, ಅಷ್ಟೇ.

ಬಿಲ್ಲು ಓದಿದ ಮೇಲೆ

ಮಿಕ್ಸರಿನ ಮಾತಿಗೆ ಮರಳುತ್ತೇನೆ. ಯಂತ್ರದೊಡನೆ ಜಗಳವಾಡುವುದು ಬಿಟ್ಟು ಇಮೇಲಿಗೆ ಬಂದಿದ್ದ ಬಿಲ್ಲನ್ನು ಮೊದಲ ಸಲ ತೆರೆದು ಓದಿದೆ. ಮಾರಿದವರ ಹೆಸರು ಅಲ್ಲಿತ್ತು, ನಾನು ಕೇಳಿಯೂ ಇರದ ಹೆಸರು, ಬೇರೆ ರಾಜ್ಯದ ವಿಳಾಸ. ವಾಪಸಾತಿ ಏಳು ದಿನ ಎಂಬ ಮಾತು ಮಾತ್ರ ಬಿಲ್ಲಿನಲ್ಲಿ ಎಲ್ಲೂ ಇರಲಿಲ್ಲ, ಅದು ಇದ್ದದ್ದು ಆ್ಯಪಿನ ಯಾವುದೋ ಮಡಿಕೆಯಲ್ಲಿ. 2019ರ ಕಾಯ್ದೆ ಅನುಚಿತ ವ್ಯಾಪಾರವನ್ನು ವಿವರಿಸುವಾಗ ಒಂದು ಮಾತು ಹೇಳುತ್ತದೆ: ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ನಮೂದಿಸದಿದ್ದರೆ 30 ದಿನದೊಳಗೆ, ದೋಷವಿರುವ ಸರಕನ್ನು ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ತಪ್ಪು. ಅವ್ವ ಪೆಟ್ಟಿಗೆ ತೆರೆದದ್ದು ಹನ್ನೆರಡನೇ ದಿನ.

ಬಿಲ್ಲು, ಒಡೆದ ಜಾರಿನ ಚಿತ್ರ, ಆ್ಯಪಿನ ಉತ್ತರದ ಸ್ಕ್ರೀನ್‌ಶಾಟ್ ಮೂರನ್ನೂ ಸೇರಿಸಿ ದೂರು ಅಧಿಕಾರಿಗೆ ಬರೆದೆ. 1915ಕ್ಕೂ ಕರೆ ಮಾಡಿದೆ. ಆ ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮಾತಾಡಬಹುದು. ಹದಿನಾರನೇ ದಿನ ಹೊಸ ಜಾರು ಧಾರವಾಡ ಮುಟ್ಟಿತು. ಕ್ಷಮೆ ಕೇಳಿದ ಪತ್ರದಲ್ಲಿ ‘ವಿಶೇಷ ಪ್ರಕರಣವೆಂದು ಪರಿಗಣಿಸಿ’ ಎಂದಿತ್ತು. ಹಕ್ಕನ್ನು ಔದಾರ್ಯವೆಂದು ಕರೆದಿದ್ದರು.

ಗೆದ್ದ ಸಂತೋಷ ನನಗೆ ಪೂರ್ತಿ ಆಗಲಿಲ್ಲ. ನನಗೆ ಇಂಗ್ಲಿಷ್ ಬರುತ್ತದೆ, ಇಮೇಲ್ ಇದೆ, ಒಂದು ಭಾನುವಾರವಿತ್ತು. ಅವ್ವ ತಾನೇ ಕೊಂಡಿದ್ದರೆ? ಅವಳ ಫೋನಿನಲ್ಲಿ ಬಿಲ್ಲು ಎಲ್ಲಿದೆ ಎಂದು ಅವಳಿಗೆ ಗೊತ್ತಿರುತ್ತಿರಲಿಲ್ಲ. ಒಡೆದ ಜಾರನ್ನು ಅಟ್ಟದ ಮೇಲಿಟ್ಟು ‘ಹೋಗಲಿ ಬಿಡು’ ಎನ್ನುತ್ತಿದ್ದಳು. ತೂಕ, ಬೆಲೆ, ಹೆಸರು ಮೂರೂ ಕಾಣುವ ಹಾಗೆ ಇರಬೇಕು ಎಂದು ನೂರು ವರ್ಷ ಹೋರಾಡಿದ್ದು ಇಂಥವರ ಸಲುವಾಗಿ. ಅವು ಮತ್ತೆ ನಾಲ್ಕು ಪುಟಗಳ ಹಿಂದೆ, ಬೇರೆ ಭಾಷೆಯಲ್ಲಿ, ಸಣ್ಣ ಅಕ್ಷರದಲ್ಲಿ ಅಡಗಿದರೆ ಅವಳ ಪಾಲಿಗೆ ಇರುವುದು ಹಳೆಯ ಸೇರಿನ ಕಾಲವೇ, ಅದೂ ಕೊಸರಿಲ್ಲದೆ.

ಹೊಸ ಜಾರು ಬಂದ ಸಂಜೆ ಫೋನ್ ಮಾಡಿದೆ. ಶೇಂಗಾ ಚಟ್ನಿ ರುಬ್ಬಿ ನೋಡಿದ್ದಳು, ಚೆನ್ನಾಗಿ ನಡೆಯುತ್ತಿತ್ತು. “ಇಷ್ಟೆಲ್ಲ ತ್ರಾಸ ಕೊಟ್ಟಾರ, ಮ್ಯಾಲ ಏನರ ಕೊಸರು ಹಾಕ್ಯಾರೇನು?” ಎಂದು ಕೇಳಿದಳು. ಇಲ್ಲ ಅವ್ವ ಎಂದೆ. “ಹಂಗಾರ ಆ ಅಂಗಡಿಗೆ ಮತ್ತ ಹೋಗಬ್ಯಾಡ” ಎಂದಳು.